ವಿಜ್ಞಾನ ದಿನಕ್ಕೆ ಮರೆತುಹೋದ ಮಹಿಳಾ ವಿಜ್ಞಾನಿಗಳು: ಫೋಟೊ ಅಂಟಿಸುವ ಬದಲು ಅವರ ಕೆಲಸ ತೋರಿಸುವುದು ಹೇಗೆ?

ಸೈನ್ಸ್‌ಟೀಚರ್_ಬಂಗಾರಪೇಟೆ

ಎಲ್ಲರಿಗೂ ನಮಸ್ಕಾರ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಬಂಗಾರಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪ್ರದರ್ಶನ ಇದೆ. ಹೆಸರು ಮರೆಯಾದ ಮಹಿಳಾ ವಿಜ್ಞಾನಿಗಳ ಬಗ್ಗೆ ಮಾಡೋಣ ಎಂದು ತೀರ್ಮಾನವಾಗಿದೆ. ಮೇರಿ ಕ್ಯೂರಿ, ಕಲ್ಪನಾ ಚಾವ್ಲಾ ಮಕ್ಕಳಿಗೆ ಗೊತ್ತು. ಮಿಕ್ಕವರದ್ದು ಚಾರ್ಟ್ ಶೀಟಿನ ಮೇಲೆ ಫೋಟೊ, ಹುಟ್ಟಿದ ಇಸವಿ, "ಬಹಳ ಕಷ್ಟಪಟ್ಟರು" ಎಂಬ ಎರಡು ಸಾಲು. ಅಷ್ಟಕ್ಕೇ ನಿಲ್ಲಬಾರದು. ಅವರು ಏನು ಮಾಡಿದರು ಎಂಬುದನ್ನು ಹತ್ತನೇ ತರಗತಿಯ ಮಕ್ಕಳು ಕೈಯಾರೆ ಮಾಡಿ ತೋರಿಸಬೇಕು. ನಾಲ್ಕು ಮೇಜು, ಒಟ್ಟು ಖರ್ಚು 5,000 ರೂಪಾಯಿ ಒಳಗೆ. ಯಾರನ್ನು ಆರಿಸಬಹುದು? ನಮ್ಮ ಕಡೆಯ ನಂಟು ಇರುವವರು ಯಾರಾದರೂ ಇದ್ದಾರಾ? ಇಂಟರ್‌ನೆಟ್‌ನಲ್ಲಿ ಒಂದೊಂದು ಕಡೆ ಒಂದೊಂದು ಥರ ಬರೆದಿದ್ದಾರೆ, ಯಾವುದನ್ನು ನಂಬಬಾರದು ಅನ್ನುವುದನ್ನೂ ತಿಳಿಸಿ.

ಭೌತಶಾಸ್ತ್ರ_ಕೋಲಾರ

ಮೇಡಂ, ಕೆಜಿಎಫ್ ಪಕ್ಕದಲ್ಲೇ ಇಟ್ಟುಕೊಂಡು ಮಾಡುತ್ತಿದ್ದೀರಿ ಅಂದಮೇಲೆ ಮೊದಲ ಮೇಜು ಬಿಭಾ ಚೌಧುರಿಯವರದ್ದೇ ಆಗಬೇಕು.

1936ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಡಿ.ಎಂ. ಬೋಸ್ ಅವರ ಜೊತೆ ಕಾಸ್ಮಿಕ್ ಕಿರಣಗಳ (ಬಾಹ್ಯಾಕಾಶದಿಂದ ಬರುವ ಅತಿವೇಗದ ಕಣಗಳು) ಅಧ್ಯಯನಕ್ಕೆ ಇಳಿದವರು. ಫೋಟೊಗ್ರಾಫಿಕ್ ಪ್ಲೇಟುಗಳನ್ನು ಡಾರ್ಜಿಲಿಂಗ್, ಸಂದಕ್‌ಫುನಂಥ ಎತ್ತರದ ಜಾಗಗಳಲ್ಲಿ ದೀರ್ಘಕಾಲ ಇಟ್ಟು, ಆಮೇಲೆ ತೊಳೆದು, ಮೈಕ್ರೋಸ್ಕೋಪಿನಲ್ಲಿ ಕಣಗಳ ಜಾಡು ಅಳೆಯುತ್ತಿದ್ದರು. ಜಾಡು ದಾರಿಯುದ್ದಕ್ಕೂ ಎಷ್ಟು ಬಾಗುತ್ತದೆ ಎಂಬುದರಿಂದ ಕಣದ ದ್ರವ್ಯರಾಶಿ ಲೆಕ್ಕ ಹಾಕಿ, ಎಲೆಕ್ಟ್ರಾನಿನ ಸುಮಾರು 200 ಪಟ್ಟು ತೂಕದ ಕಣವನ್ನು ಗುರುತಿಸಿದರು. 1940ರ ದಶಕದ ಆರಂಭದಲ್ಲಿ ಇವು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದವು. ಮುಂದೆ ಮ್ಯಾಂಚೆಸ್ಟರಿನಲ್ಲಿ ಬ್ಲ್ಯಾಕೆಟ್ ಅವರ ಬಳಿ ಪಿಎಚ್.ಡಿ. ಮಾಡಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮೊದಲ ಮಹಿಳಾ ಸಂಶೋಧಕಿ ಅವರೇ. ನಂತರದ ವರ್ಷಗಳಲ್ಲಿ ಕೆಜಿಎಫ್ ಗಣಿಯೊಳಗಿನ ಪ್ರಯೋಗಗಳಲ್ಲೂ ಪಾಲ್ಗೊಂಡರು. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಒಂದು ನಕ್ಷತ್ರಕ್ಕೆ 'ಬಿಭಾ' ಎಂದು ಹೆಸರಿಟ್ಟಿದೆ.

"ಇವರ ನೊಬೆಲ್ ಅನ್ನು ಬ್ರಿಟನ್ನಿನ ಭೌತವಿಜ್ಞಾನಿ ಪೊವೆಲ್ ಕದ್ದರು" ಎಂದು ದಯವಿಟ್ಟು ಬರೆಸಬೇಡಿ. ಯುದ್ಧದ ಕಾಲದಲ್ಲಿ ಕಲ್ಕತ್ತೆಗೆ ಸಿಕ್ಕಿದ್ದು ಕಡಿಮೆ ಸೂಕ್ಷ್ಮತೆಯ ಹಾಫ್‌ಟೋನ್ ಪ್ಲೇಟು ಮಾತ್ರ. ಪೊವೆಲ್ ತಂಡ ಅದೇ ಬಗೆಯ ವಿಧಾನವನ್ನು ಉತ್ತಮ ಎಮಲ್ಷನ್ (ಪ್ಲೇಟಿನ ಮೇಲೆ ಜಾಡು ಮೂಡುವ ಲೇಪ) ಬಳಸಿ ಮುಂದಕ್ಕೆ ಒಯ್ದು 1947ರಲ್ಲಿ ಪಯಾನ್ ಎಂಬ ಕಣವನ್ನು ಕಂಡುಹಿಡಿಯಿತು, 1950ರಲ್ಲಿ ಪೊವೆಲ್‌ಗೆ ನೊಬೆಲ್ ಬಂತು. ಬೋಸ್ ಮತ್ತು ಚೌಧುರಿ ಈ ದಾರಿಯನ್ನು ಮೊದಲೇ ತೋರಿದ್ದರು ಎಂದು ಪೊವೆಲ್ ತಂಡವೇ ನಂತರ ದಾಖಲಿಸಿದೆ. ಒಳ್ಳೆಯ ಪ್ಲೇಟು ಸಿಗದೆ ಕೆಲಸ ಅರ್ಧಕ್ಕೆ ನಿಂತಿತು ಎಂಬುದೇ ಮಕ್ಕಳು ತಿಳಿಯಬೇಕಾದ ಸಂಗತಿ. ಕಳ್ಳತನದ ಕಥೆ ಹೇಳಿದರೆ ಅದು ಮರೆಯಾಗುತ್ತದೆ.

ಅದೇ ಮೇಜಿನಲ್ಲಿ ವಿಯೆನ್ನಾದ ಮರಿಯೆಟ್ಟಾ ಬ್ಲಾವ್ ಅವರಿಗೂ ಜಾಗ ಕೊಡಿ. ಈ ಎಮಲ್ಷನ್ ವಿಧಾನವನ್ನು ಪಳಗಿಸಿದವರು ಅವರು. 1937ರಲ್ಲಿ ಹೆರ್ಥಾ ವಾಂಬಾಖರ್ ಜೊತೆ, ಪರಮಾಣು ಬೀಜ ಸಿಡಿದು ನಕ್ಷತ್ರಾಕಾರದ ಜಾಡು ಮೂಡುವುದನ್ನು ಪ್ಲೇಟಿನಲ್ಲಿ ಕಂಡರು. ಯಹೂದಿಯಾದ್ದರಿಂದ 1938ರಲ್ಲಿ ದೇಶ ಬಿಡಬೇಕಾಯಿತು.

ಈಗ ಪ್ರಯೋಗ. ಪ್ಲೇಟು ತೊಳೆಯುವುದು ಶಾಲೆಯಲ್ಲಿ ಆಗದ ಮಾತು. ಜಾಡು ಕಣ್ಣೆದುರೇ ಮೂಡಬೇಕಾದರೆ ಕ್ಲೌಡ್ ಚೇಂಬರ್ (ಕಣ ಹಾದ ದಾರಿ ಆಲ್ಕೋಹಾಲ್ ಆವಿಯಲ್ಲಿ ಮಂಜಿನ ಗೆರೆಯಾಗಿ ಕಾಣುವ ಪೆಟ್ಟಿಗೆ) ಮಾಡಿ.

ಬೇಕಾದದ್ದು: ಸುಮಾರು 25 ಸೆಂ.ಮೀ. ಉದ್ದ, 15 ಸೆಂ.ಮೀ. ಎತ್ತರದ ಗಾಜಿನ ಮೀನಿನ ತೊಟ್ಟಿ, ಅದರ ಬಾಯಿಗಿಂತ ದೊಡ್ಡದಾದ 2-3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು, ದಪ್ಪ ಫೆಲ್ಟ್ ಬಟ್ಟೆ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ 100 ಮಿ.ಲೀ., ಥರ್ಮಕೋಲ್ ಟ್ರೇ, 4-5 ಕಿಲೋ ಡ್ರೈ ಐಸ್ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್), ಪ್ರಖರವಾದ ಎಲ್ಇಡಿ ಟಾರ್ಚ್. ತೊಟ್ಟಿಯನ್ನು ಬೋರಲು ಹಾಕಿದಾಗ ಫೆಲ್ಟ್ ಮೇಲ್ಭಾಗದಲ್ಲಿ ಇರಬೇಕು. ಅಂಟು ಹಾಕಬೇಡಿ, ಆಲ್ಕೋಹಾಲ್ ಅದನ್ನು ಕರಗಿಸಿ ಬಟ್ಟೆ ಕೆಳಗೆ ಬೀಳುತ್ತದೆ. ಒಳಗೊಂದು ಹೊರಗೊಂದು ಅಯಸ್ಕಾಂತ ಇಟ್ಟು ಹಿಡಿಸಿ. ತಗಡಿಗೆ ಪೇಂಟ್ ಹೊಡೆದರೂ ಅದೇ ಗತಿ, ಕಪ್ಪು ಇನ್ಸುಲೇಷನ್ ಟೇಪ್ ಸಾಲಾಗಿ ಅಂಟಿಸಿದರೆ ಸಾಕು. ಫೆಲ್ಟಿಗೆ 30-40 ಮಿ.ಲೀ. ಆಲ್ಕೋಹಾಲ್ ಕುಡಿಸಿ, ತೊಟ್ಟಿಯನ್ನು ತಗಡಿನ ಮೇಲೆ ಬೋರಲಿಟ್ಟು, ಸುತ್ತ ಆಟದ ಜೇಡಿಯಿಂದ ಸಂದು ಮುಚ್ಚಿ. ಟ್ರೇಯಲ್ಲಿ 3 ಸೆಂ.ಮೀ. ದಪ್ಪಕ್ಕೆ ಡ್ರೈ ಐಸ್ ಪುಡಿ ಹರಡಿ, ಅದರ ಮೇಲೆ ತಗಡನ್ನು ಸಮತಟ್ಟಾಗಿ ಕೂರಿಸಿ. ಟಾರ್ಚ್ ಬೆಳಕು ಪಕ್ಕದಿಂದ, ತಗಡಿಗೆ ತಾಗಿದಂತೆ ಹಾಯಲಿ.

ಮೊದಲ 10-15 ನಿಮಿಷ ಬರೀ ತುಂತುರು ಮಂಜು ಕಾಣುತ್ತದೆ. ಆಮೇಲೆ ತಗಡಿನಿಂದ ಸುಮಾರು ಒಂದು ಸೆಂ.ಮೀ. ಮೇಲಿನ ತನಕದ ಪದರದಲ್ಲಿ ಜಾಡು ಮೂಡಲು ಶುರುವಾಗುತ್ತದೆ. ಉದ್ದಕ್ಕೆ ತೆಳ್ಳಗೆ ನೇರವಾಗಿದ್ದರೆ ಹೆಚ್ಚಾಗಿ ಮ್ಯೂಆನ್ (ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಕಣ). ದಪ್ಪಗೆ ಗಿಡ್ಡಗೆ ಇದ್ದರೆ ಗಾಳಿಯಲ್ಲಿರುವ ರೇಡಾನ್ ಎಂಬ ವಿಕಿರಣಶೀಲ ಅನಿಲದಿಂದ ಬಂದ ಆಲ್ಫಾ ಕಣ. ಸುತ್ತಿ ಬಳಸಿ ಹೋದರೆ ಎಲೆಕ್ಟ್ರಾನ್.

ಏನೂ ಕಾಣದಿದ್ದರೆ ಕಾರಣ ಬಹುತೇಕ ಈ ನಾಲ್ಕರಲ್ಲಿ ಒಂದು. ಸ್ಯಾನಿಟೈಸರ್ ಅಥವಾ 70 ಶೇಕಡಾ ಆಲ್ಕೋಹಾಲ್ ಬಳಸಿರುತ್ತಾರೆ, ಅದರೊಳಗಿನ ನೀರು ಕೆಡಿಸುತ್ತದೆ. ಸಂದಿನಿಂದ ಗಾಳಿ ಒಳನುಗ್ಗಿ ಮಂಜು ಸುಳಿಯುತ್ತಿರುತ್ತದೆ. ಡ್ರೈ ಐಸ್ ಉಂಡೆಗಳ ನಡುವೆ ಖಾಲಿ ಜಾಗ ಇದ್ದು ತಗಡು ಸಾಕಷ್ಟು ತಣ್ಣಗಾಗಿರುವುದಿಲ್ಲ. ಇಲ್ಲವೇ ಟಾರ್ಚನ್ನು ಮೇಲಿನಿಂದ ಹಿಡಿದಿರುತ್ತಾರೆ. ಐಸ್‌ಗೆ ಉಪ್ಪು ಬೆರೆಸಿ ಮಾಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಮೈನಸ್ 21 ಡಿಗ್ರಿವರೆಗೆ ಮಾತ್ರ ಇಳಿಯುತ್ತದೆ, ಡ್ರೈ ಐಸ್ ಮೈನಸ್ 78.

ಪಾವಗಡ_ಬಿಸಿಲು

ಎರಡನೇ ಮೇಜಿಗೆ ಅನ್ನಾ ಮಣಿ. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಇಂಥ ಕಡೆ ಎಷ್ಟು ಬಿಸಿಲು ಬೀಳುತ್ತದೆ ಎಂದು ಅಂದಾಜಿಸಲು ದೇಶದಾದ್ಯಂತ ಅಳತೆ ಬೇಕು. ಆ ಅಳತೆಗೆ ಅಡಿಪಾಯ ಹಾಕಿದವರಲ್ಲಿ ಮುಖ್ಯರು ಅನ್ನಾ ಮಣಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಪ್ರತಿದೀಪ್ತಿ (ಬೆಳಕು ಹೀರಿ ಬೇರೆ ಬಣ್ಣದ ಬೆಳಕು ಸೂಸುವ ಗುಣ) ಅಭ್ಯಾಸ ಮಾಡಿ ಐದು ಪ್ರಬಂಧ ಪ್ರಕಟಿಸಿದರು. ಎಂ.ಎಸ್ಸಿ. ಇಲ್ಲ ಎಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. ಆದ್ದರಿಂದ ಚಾರ್ಟಿನಲ್ಲಿ 'ಡಾ.' ಸೇರಿಸಬೇಡಿ. 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ತಯಾರಿಸಲು ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಮಾನಕಕ್ಕೆ ತಂದರು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಸೌರ ವಿಕಿರಣ ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು.

ಮಕ್ಕಳು ಮಾಡಬಹುದಾದ ಅಳತೆ: 12 ವೋಲ್ಟಿನ 10 ವಾಟ್ ಸೋಲಾರ್ ಪ್ಯಾನೆಲ್, ಒಂದು ಮಲ್ಟಿಮೀಟರ್. ಪ್ಯಾನೆಲನ್ನು ನೆಲಕ್ಕೆ ಸಮತಲವಾಗಿ ಇಟ್ಟು (ಸ್ಪಿರಿಟ್ ಲೆವೆಲ್ ಇಟ್ಟು ನೋಡಿ), ಮೀಟರನ್ನು ಡಿಸಿ ಆಂಪಿಯರಿಗೆ ಹಾಕಿ, ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಸಿಕ್ಕಿಸಿ, ಪ್ಯಾನೆಲಿನ ಎರಡೂ ತುದಿಗೆ ನೇರ ಜೋಡಿಸಿ. ಪ್ಯಾನೆಲಿನ ಹಿಂದಿನ ಚೀಟಿಯಲ್ಲಿ ಶಾರ್ಟ್ ಸರ್ಕ್ಯೂಟ್ ಕರೆಂಟ್ 0.6 ಎಂದಿದ್ದರೆ ಅದು ಚದರ ಮೀಟರಿಗೆ 1,000 ವಾಟ್ ಬಿಸಿಲಿನಲ್ಲಿ ಬರುವ ಕರೆಂಟ್. ಮೀಟರ್ 0.45 ತೋರಿಸಿದರೆ ಬಿಸಿಲು ಸುಮಾರು 750 ವಾಟ್. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಅರ್ಧ ಗಂಟೆಗೊಮ್ಮೆ ಬರೆದು ಗ್ರಾಫ್ ಹಾಕಲಿ. ಪ್ರದರ್ಶನಕ್ಕೆ ಒಂದು ವಾರ ಮೊದಲೇ ಶುರುಮಾಡಿದರೆ ಮೋಡದ ದಿನದ ವ್ಯತ್ಯಾಸವೂ ಸಿಗಬಹುದು.

ಸಾಮಾನ್ಯವಾಗಿ ತಪ್ಪುವುದು ಎಲ್ಲಿ ಅಂದರೆ, ವೋಲ್ಟೇಜ್ ಅಳೆಯುತ್ತಾರೆ. ಬಿಸಿಲು ಅರ್ಧಕ್ಕೆ ಇಳಿದರೂ ವೋಲ್ಟೇಜ್ ಅಷ್ಟಾಗಿ ಇಳಿಯುವುದಿಲ್ಲ, ಕರೆಂಟ್ ಮಾತ್ರ ಬಿಸಿಲಿನ ಜೊತೆಗೇ ಏರಿಳಿಯುತ್ತದೆ. ಇನ್ನೊಂದು, ಒಂದೇ ಒಂದು ಸೆಲ್ ಮೇಲೆ ಕೈನೆರಳು ಬಿದ್ದರೂ ಪೂರ್ತಿ ಪ್ಯಾನೆಲಿನ ಕರೆಂಟ್ ಕುಸಿಯುತ್ತದೆ. ಧೂಳನ್ನು ಪ್ರತಿ ಬೆಳಿಗ್ಗೆ ಒರೆಸಿ.

ನಂದಿ_ತಪ್ಪಲು

ಯೂನಿಸ್ ಫೂಟ್ ಅವರನ್ನೂ ಸೇರಿಸಿ ಮೇಡಂ. 1856ರಲ್ಲೇ ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ಕೊಳವೆ ಬಿಸಿಲಿನಲ್ಲಿ ಮಿಕ್ಕ ಕೊಳವೆಗಳಿಗಿಂತ ಹೆಚ್ಚು ಕಾಯುತ್ತದೆ ಎಂದು ಅಳೆದು, ವಾತಾವರಣದಲ್ಲಿ ಈ ಅನಿಲ ಹೆಚ್ಚಿದರೆ ಭೂಮಿ ಬಿಸಿಯಾಗುತ್ತದೆ ಎಂದರು. ಆ ಪ್ರಬಂಧವನ್ನು ವಿಜ್ಞಾನಿಗಳ ಸಭೆಯಲ್ಲಿ ಓದಿದವರು ಜೋಸೆಫ್ ಹೆನ್ರಿ, ಅವರಲ್ಲ. ಎರಡು ಬಾಟಲಿ, ಎರಡು ಥರ್ಮಾಮೀಟರ್, ಅಡುಗೆ ಸೋಡಾ, ವಿನೆಗರ್ ಇದ್ದರೆ ಮುಗಿಯಿತು.

ಭೌತಶಾಸ್ತ್ರ_ಕೋಲಾರ

ಫೂಟ್ ಖಂಡಿತ ಇರಲಿ. ಆದರೆ ಬಾಟಲಿ ಪ್ರಯೋಗದ ಕೆಳಗೆ "ಇದೇ ಹಸಿರುಮನೆ ಪರಿಣಾಮ" ಎಂದು ಬರೆದರೆ ತಪ್ಪಾಗುತ್ತದೆ. ಬಾಟಲಿಯಲ್ಲಿ ಕಾಣುವ ವ್ಯತ್ಯಾಸದ ಬಹುಪಾಲು ಬೇರೆ ಕಾರಣದಿಂದ ಬರುತ್ತದೆ. ಈ ಅನಿಲ ಗಾಳಿಗಿಂತ ಭಾರ, ಒಳಗೆ ಸುಲಭವಾಗಿ ಕಲಕುವುದಿಲ್ಲ, ಶಾಖ ಹೊರಹೋಗುವುದು ನಿಧಾನ. ಶಾಖ ಕಿರಣವನ್ನು ಹೀರದ ಆರ್ಗಾನ್ ತುಂಬಿದರೂ ಹೆಚ್ಚುಕಡಿಮೆ ಅದೇ ಫಲ ಬರುತ್ತದೆ. ಭೂಮಿಯಿಂದ ಹೊರಡುವ ಅವಕೆಂಪು ಕಿರಣಗಳನ್ನು ಅನಿಲಗಳು ಹೀರುತ್ತವೆ ಎಂಬುದನ್ನು 1859ರಿಂದ ಬೇರೆ ಉಪಕರಣದಲ್ಲಿ ತೋರಿಸಿದವರು ಟಿಂಡಾಲ್. "ಫೂಟ್ ಹೀಗೆ ಅಳೆದರು, ಹೀಗೆ ಊಹಿಸಿದರು, ಊಹೆ ಸರಿಯಾಗಿತ್ತು" ಎಂದು ಬರೆಸಿ. ಅಷ್ಟೇ ಅವರಿಗೆ ದೊಡ್ಡ ಗೌರವ.

ಮಾಡುವಾಗ ಸೋಡಾ, ವಿನೆಗರನ್ನು ಅಳೆಯುವ ಬಾಟಲಿಯಲ್ಲೇ ಸುರಿಯಬೇಡಿ. ಆ ಕ್ರಿಯೆ ಶಾಖ ಹೀರಿ ದ್ರವವನ್ನು ತಣ್ಣಗಾಗಿಸುತ್ತದೆ, ನೀರಾವಿಯೂ ಸೇರುತ್ತದೆ. ಬೇರೆ ಬಾಟಲಿಯಲ್ಲಿ 10 ಗ್ರಾಂ ಸೋಡಾಕ್ಕೆ 120 ಮಿ.ಲೀ. ವಿನೆಗರ್ ಹಾಕಿ, ನಳಿಕೆಯಿಂದ ಅನಿಲವನ್ನು ಒಂದು ಲೀಟರ್ ಬಾಟಲಿಯ ತಳಕ್ಕೆ ಬಿಡಿ. ಸುಮಾರು ಎರಡು ಲೀಟರಿಗಿಂತ ಹೆಚ್ಚು ಅನಿಲ ಬರುತ್ತದೆ, ಒಳಗಿನ ಗಾಳಿಯನ್ನು ಬಹುಮಟ್ಟಿಗೆ ಹೊರದಬ್ಬಲು ಸಾಕು. ಎರಡೂ ಥರ್ಮಾಮೀಟರನ್ನು ಮೊದಲು ಒಂದೇ ಲೋಟದ ನೀರಿನಲ್ಲಿಟ್ಟು ಒಂದೇ ಅಂಕಿ ತೋರಿಸುತ್ತವೆಯೇ ನೋಡಿಕೊಳ್ಳಿ.

ಸೈನ್ಸ್‌ಟೀಚರ್_ಬಂಗಾರಪೇಟೆ

ತುಂಬಾ ಉಪಕಾರ ಆಯಿತು. ಮೂರು ಮೇಜು ಆಯಿತು. ನಾಲ್ಕನೆಯದಕ್ಕೆ ಕಮಲಾ ಸೊಹೊನಿ ಹೇಗೆ? "ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ" ಎಂದು ಬರೆಯಬಹುದೇ? ಡ್ರೈ ಐಸ್ ಮಕ್ಕಳ ಹತ್ತಿರ ಇಡುವುದು ಭಯ, ಅದನ್ನೂ ಹೇಳಿ.

ಜೀವರಸಾಯನ_ತುಮಕೂರು

'ಮೊದಲ' ಎಂಬ ಪದ ಬಿಡಿ ಮೇಡಂ. ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಿಂದ ಸಸ್ಯವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದಿದ್ದರು. ಸೊಹೊನಿಯವರದ್ದು 1939, ಕೇಂಬ್ರಿಡ್ಜ್. ಅವರ ನಿಜವಾದ ಸಾಧನೆ ಬರೆಯಿರಿ: ಪ್ರಾಣಿಗಳಲ್ಲಿ ಉಸಿರಾಟಕ್ಕೆ ನೆರವಾಗುವ ಸೈಟೋಕ್ರೋಮ್ ಸಿ ಸಸ್ಯಕೋಶಗಳಲ್ಲೂ ಇದೆ ಎಂದು ಆಲೂಗಡ್ಡೆ ಇಟ್ಟುಕೊಂಡು ಕೆಲಸ ಮಾಡುತ್ತಾ ತೋರಿಸಿದರು. 1933ರಲ್ಲಿ ಹೆಣ್ಣೆಂಬ ಕಾರಣಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿಸಿಕೊಳ್ಳಲು ರಾಮನ್ ಒಪ್ಪಲಿಲ್ಲ. ಪಟ್ಟು ಹಿಡಿದ ಮೇಲೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತು ಹಾಕಿದರು. ವಿಜ್ಞಾನ ದಿನ ಇರುವುದು ರಾಮನ್ ಪರಿಣಾಮದ ನೆನಪಿಗೆ, ಆದರೂ ಇದನ್ನು ಮುಚ್ಚಿಡಬೇಡಿ.

ಅವರ ಮೇಜಿಗೆ ಬೇಳೆಕಾಳಿನ ಪ್ರೋಟೀನ್ ಪರೀಕ್ಷೆ ಹೊಂದುತ್ತದೆ, ಕಾಳುಗಳ ಪ್ರೋಟೀನ್ ಮೇಲೆ ಅವರು ದೀರ್ಘಕಾಲ ಕೆಲಸ ಮಾಡಿದವರು. ಹೆಸರುಕಾಳು, ಕಡಲೆ, ಹುರುಳಿ ಹಿಟ್ಟನ್ನು ಒಂದೊಂದು ಚಮಚ, 50 ಮಿ.ಲೀ. ನೀರಿನಲ್ಲಿ ಅರ್ಧ ಗಂಟೆ ಕದಡಿ ಸೋಸಿ. 2 ಮಿ.ಲೀ. ತಿಳಿಗೆ ಅಷ್ಟೇ ಪ್ರಮಾಣದ 10 ಶೇಕಡಾ ಸೋಡಿಯಂ ಹೈಡ್ರಾಕ್ಸೈಡ್, ಆಮೇಲೆ 1 ಶೇಕಡಾ ಮೈಲುತುತ್ತದ ದ್ರಾವಣ ಎರಡು ಮೂರು ಹನಿ. ನೇರಳೆ ಬಣ್ಣ ಬಂದರೆ ಪ್ರೋಟೀನ್ ಇದೆ. ಮೈಲುತುತ್ತ ಜಾಸ್ತಿ ಸುರಿದರೆ ಅದರದೇ ನೀಲಿ ನೇರಳೆಯನ್ನು ನುಂಗುತ್ತದೆ. ಬರೀ ನೀರಿನ ಒಂದು ನಳಿಕೆಯನ್ನೂ ಪಕ್ಕದಲ್ಲಿಡಿ. ಹೈಡ್ರಾಕ್ಸೈಡ್ ಚರ್ಮ, ಕಣ್ಣು ಸುಡುತ್ತದೆ, ಅದನ್ನು ಹಾಕುವುದು ಟೀಚರ್ ಕೆಲಸ.

ನಮ್ಮ ರಾಜ್ಯದವರೇ ಆದ ರಾಜೇಶ್ವರಿ ಚಟರ್ಜಿಯವರಿಗೆ ಬಾಗಿಲ ಬಳಿ ಒಂದು ಚಾರ್ಟ್ ಆದರೂ ಇರಲಿ. ಮಿಶಿಗನ್‌ನಲ್ಲಿ ಪಿಎಚ್.ಡಿ. ಮುಗಿಸಿ ಬಂದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪತಿಯ ಜೊತೆ ಮೈಕ್ರೋವೇವ್ ಸಂಶೋಧನೆ ಕಟ್ಟಿದರು, 20 ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿದರು.

ಭೌತಶಾಸ್ತ್ರ_ಕೋಲಾರ

ಡ್ರೈ ಐಸ್ ವಿಷಯ. ಪ್ರದರ್ಶನದ ದಿನ ಬೆಳಿಗ್ಗೆಯೇ ಬೆಂಗಳೂರಿನಿಂದ ತರಿಸಿ, ಹಿಂದಿನ ದಿನ ತಂದಿಟ್ಟರೆ ಬಹಳಷ್ಟು ಆವಿಯಾಗಿ ಹೋಗಿರುತ್ತದೆ. ಥರ್ಮಕೋಲ್ ಡಬ್ಬದಲ್ಲಿ, ಮುಚ್ಚಳ ಸಡಿಲವಾಗಿರಲಿ. ಬಿಗಿ ಮುಚ್ಚಳದ ಬಾಟಲಿ, ಥರ್ಮಾಸ್ ಫ್ಲಾಸ್ಕಿನಲ್ಲಿ ಹಾಕಿದರೆ ಸಿಡಿಯುತ್ತದೆ. ಕಾರಿನಲ್ಲಿ ತರುವಾಗ ಕಿಟಕಿ ತೆರೆದಿರಲಿ. ಪುಡಿ ಮಾಡುವುದು, ಹರಡುವುದು ದೊಡ್ಡವರು, ಚರ್ಮದ ಅಥವಾ ದಪ್ಪ ಬಟ್ಟೆಯ ಕೈಗವಸು ಹಾಕಿಕೊಂಡು. ಕೋಣೆ ಕತ್ತಲಾಗಬೇಕು ಅಂತ ಎಲ್ಲ ಕಿಟಕಿ ಮುಚ್ಚಬೇಡಿ, ಆವಿಯಾದ ಅನಿಲ ಕೆಳಗೇ ಶೇಖರವಾಗುತ್ತದೆ. ತೊಟ್ಟಿಯ ಸುತ್ತ ಮಾತ್ರ ಕಪ್ಪು ಬಟ್ಟೆಯ ಮರೆ ಕಟ್ಟಿ. ಉದ್ಘಾಟನೆಯ ದೀಪ, ಊದುಬತ್ತಿ ಆ ಕೋಣೆಗೆ ಬೇಡ, ಆಲ್ಕೋಹಾಲ್ ಆವಿಗೆ ಬೆಂಕಿ ಹತ್ತುತ್ತದೆ. ಒಂದು ಸಲ ಐಸ್ ಹಾಕಿದರೆ ಜಾಡು ಕಾಣುವುದು ಹೆಚ್ಚೆಂದರೆ ಒಂದೆರಡು ಗಂಟೆ, ಅರ್ಧ ಐಸನ್ನು ಮಧ್ಯಾಹ್ನದ ತಂಡಕ್ಕೆ ಎತ್ತಿಡಿ.