ಒಂದೇ ಕೃತಿ ಓಲೆಗರಿಯಲ್ಲೂ ಇದೆ, ಅಚ್ಚಿನಲ್ಲೂ ಇದೆ: ಎಲ್‌ಆರ್‌ಎಂ, ಸಿಡಾಕ್ ಸಿಆರ್‌ಎಂ ಬಳಕೆಗೆ ತರುವುದು ಹೇಗೆ?

ಕಪಾಟು:
ಅಚ್ಚಿನ ಪುಸ್ತಕಗಳು ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿ (ಮಾರ್ಕ್ 21, ಅಂದರೆ ಫೀಲ್ಡುಗಳಿಗೆ ಸಂಖ್ಯೆ ಕೊಡುವ ದಾಖಲೆ ಮಾದರಿ), ಓಲೆಗರಿ ಕಟ್ಟುಗಳು ಎಕ್ಸೆಲ್‌ನಲ್ಲಿ, ಓಲೆಗೆ ಬರೆಯುವ ಕಂಠದಂಥ (ಲೋಹದ ಲೇಖನಿ) ವಸ್ತುಗಳು ಕೈಬರಹದ ರಿಜಿಸ್ಟರಿನಲ್ಲಿ ಇವೆ. ‘ಗದುಗಿನ ಭಾರತ’ ಅಂತ ಹುಡುಕಿದರೆ ಒಂದಿಷ್ಟು ಸಿಗುತ್ತವೆ, ‘ಕುಮಾರವ್ಯಾಸ ಭಾರತ’ ಅಂದರೆ ಬೇರೆ, ‘ಕರ್ಣಾಟ ಭಾರತ ಕಥಾಮಂಜರಿ’ ಅಂದರೆ ಇನ್ನೂ ಬೇರೆ. ಎಲ್‌ಆರ್‌ಎಂ (ಗ್ರಂಥಾಲಯ ಸೂಚಿಯ ಮಾದರಿ), ಸಿಆರ್‌ಎಂ (ಸಂಗ್ರಹಾಲಯದ ವಸ್ತು, ಘಟನೆಗಳ ಮಾದರಿ) ಎರಡೂ ಓದಿಯಾಯಿತು, ಚಿತ್ರಗಳೂ ಅರ್ಥವಾಗುತ್ತವೆ. ಆದರೆ ಯಾವ ಫೀಲ್ಡಿನಲ್ಲಿ ಏನು ತುಂಬಬೇಕು? ಹೊಸ ತಂತ್ರಾಂಶಕ್ಕೆ ದುಡ್ಡಿಲ್ಲ.

ಸೂಚೀಕಾರ:
ಕೋಹಾ ಬಿಡಬೇಡಿ ಸರ್. ಎಲ್‌ಆರ್‌ಎಂ ಹೇಳುವ ಕೃತಿ (ಕವಿಯ ರಚನೆ), ಅಭಿವ್ಯಕ್ತಿ (ಅದರ ಒಂದು ಪಠ್ಯ, ಅನುವಾದ ಅಥವಾ ವಾಚನ), ಪ್ರಕಟರೂಪ (ಅದರ ಒಂದು ಮುದ್ರಣ), ಪ್ರತಿ (ಕಪಾಟಿನಲ್ಲಿರುವ ಒಂದು ಪುಸ್ತಕ) ಎಂಬ ನಾಲ್ಕರಲ್ಲಿ ಕೊನೆಯ ಎರಡು ನಿಮ್ಮಲ್ಲಿ ಆಗಲೇ ಇವೆ. ಬಿಬ್ ರೆಕಾರ್ಡು (ಪುಸ್ತಕದ ಸೂಚಿ ದಾಖಲೆ) ಹೆಚ್ಚುಕಡಿಮೆ ಪ್ರಕಟರೂಪ, 952ನೇ ಫೀಲ್ಡ್ ಎಂದರೆ ಪ್ರತಿ. ಮುಖ್ಯವಾಗಿ ಇಲ್ಲದಿರುವುದು ಕೃತಿ. ಅದನ್ನು ಅಥಾರಿಟಿ ರೆಕಾರ್ಡಾಗಿ (ಒಂದು ಹೆಸರಿನ ಅಧಿಕೃತ ರೂಪ, ಪರ್ಯಾಯ ರೂಪಗಳ ದಾಖಲೆ) ಮಾಡಿ: ಅಧಿಕೃತ ಹೆಸರಿನ ಫೀಲ್ಡಾದ 130ರಲ್ಲಿ ‘ಕರ್ಣಾಟ ಭಾರತ ಕಥಾಮಂಜರಿ’, ಉಳಿದ ಎರಡು ಹೆಸರು ತಲಾ ಒಂದು 430ರಲ್ಲಿ (ಪರ್ಯಾಯ ಹೆಸರಿನ ಫೀಲ್ಡ್). ಕರ್ತೃವಿರುವ ಕೃತಿಗೆ ಹೆಸರು-ಶೀರ್ಷಿಕೆ ಅಥಾರಿಟಿ ಮಾಡಬೇಕೆಂದು ನಿಯಮ ಹೇಳುತ್ತದೆ, ನಿಜ. ಆದರೆ ಕೋಹಾ ಲಿಂಕ್ ಮಾಡುವಾಗ 100 (ಕರ್ತೃ) ಮತ್ತು 240ನ್ನು (ಕೃತಿಯ ಏಕರೂಪ ಶೀರ್ಷಿಕೆ) ಕೂಡಿಸಿ ನೋಡುವುದಿಲ್ಲ, ಒಂದೊಂದೇ ಫೀಲ್ಡ್ ನೋಡುತ್ತದೆ. ಇಲ್ಲಿ ನಿಯಮಕ್ಕಿಂತ ಕೆಲಸ ನಡೆಯುವುದು ಮುಖ್ಯ.

ಆಮೇಲೆ ಆ ಕೃತಿಯ ಒಂದೊಂದು ಬಿಬ್‌ನ 240ರಲ್ಲಿ ಅದೇ ಹೆಸರು ಕೊಟ್ಟು ಲಿಂಕ್ ಮಾಡಿ. 240ರ ‘ಎ’ ಉಪಫೀಲ್ಡಿಗೆ ಏಕರೂಪ ಶೀರ್ಷಿಕೆಯ ಅಥಾರಿಟಿ ಜೋಡಿಸಿದೆಯೇ ಎಂದು ಫ್ರೇಮ್‌ವರ್ಕಿನಲ್ಲಿ (ಕೋಹಾದ ದಾಖಲೆ ನಮೂನೆ) ಮೊದಲೇ ನೋಡಿಕೊಳ್ಳಿ. ಪುಸ್ತಕದ ಶೀರ್ಷಿಕೆಯ 245 ಮುಟ್ಟಬೇಡಿ, ಮುಖಪುಟದಲ್ಲಿ ಏನಿದೆಯೋ ಅದೇ ಇರಲಿ.

ಎರಡು ಸೆಟ್ಟಿಂಗ್ ತಪ್ಪಿದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ‘ಇನ್‌ಕ್ಲೂಡ್‌ಸೀಫ್ರಮ್‌ಇನ್‌ಸರ್ಚಸ್’ ಆನ್ ಮಾಡಿ ಪೂರ್ತಿ ರೀಇಂಡೆಕ್ಸ್ (ಹುಡುಕಾಟದ ಸೂಚಿ ಮತ್ತೆ ಕಟ್ಟುವುದು) ಮಾಡಿ. ಇಲ್ಲದಿದ್ದರೆ 430ರ ಹೆಸರಿನಿಂದ ಹುಡುಕುವವರಿಗೆ ಪುಸ್ತಕ ಸಿಗುವುದೇ ಇಲ್ಲ. ‘ಆಟೋಕ್ರಿಯೇಟ್‌ಅಥಾರಿಟೀಸ್’ ಆಫ್ ಇರಲಿ. ಅದು ಆನ್ ಇದ್ದರೆ ‘ಕುಮಾರವ್ಯಾಸ’, ‘ಕುಮಾರ ವ್ಯಾಸ’, ‘ನಾರಣಪ್ಪ’ ಮೂವರೂ ಬೇರೆ ಬೇರೆ ಕವಿಗಳಾಗಿ ಹುಟ್ಟಿಬಿಡುತ್ತಾರೆ. ಲಿಂಕ್ ಮಾಡುವ ಸ್ಕ್ರಿಪ್ಟನ್ನು ಮೊದಲು ಟೆಸ್ಟ್ ಆಯ್ಕೆಯಲ್ಲಿ ಓಡಿಸಿ.

ಅಕ್ಷರ_ಲೋಕ:
ಮೇಲಿನದಕ್ಕೆ ಒಂದು ಸೇರ್ಪಡೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಹೆಸರು ಹೊಂದದೆ ಹೋದರೆ ಯೂನಿಕೋಡ್ ನೋಡಿ. ‘ಕೊ’ದಲ್ಲಿರುವ ಸ್ವರಚಿಹ್ನೆ ಒಂದೇ ಸಂಕೇತವಾಗಿ (0ಸಿಸಿಎ) ಬಂದಿರಬಹುದು, ಅಥವಾ ಎತ್ವ ಮತ್ತು ಊ-ಚಿಹ್ನೆ ಎರಡಾಗಿ. ಎನ್‌ಎಫ್‌ಸಿಗೆ (ಯೂನಿಕೋಡಿನ ಕೂಡಿಸಿ ಬರೆದ ರೂಪ) ತಂದರೆ ಇದು ಸರಿಹೋಗುತ್ತದೆ. ಆದರೆ ಕಾಣದ ಜೋಡಕಗಳು (200ಸಿ, 200ಡಿ) ಎನ್‌ಎಫ್‌ಸಿಗೆ ಬಗ್ಗುವುದಿಲ್ಲ. ಓಪನ್‌ರಿಫೈನ್‌ನಲ್ಲಿ (ದತ್ತಾಂಶ ಶುದ್ಧಗೊಳಿಸುವ ತಂತ್ರಾಂಶ) ಇನ್ನೊಂದು ಕಾಲಂ ಮಾಡಿ, ಅಲ್ಲಿ ಮಾತ್ರ ಅವನ್ನು ತೆಗೆದು ತಾಳೆ ನೋಡಿ. ಮೂಲ ಕಾಲಂನಲ್ಲೇ ಅಳಿಸಿದರೆ ‘ಜಾರ್ಜ್‌ಗೆ’ ಎಂಬಂಥ ಪದಗಳು ಕೆಡುತ್ತವೆ.

ಗರಿಕಟ್ಟು:
ಓಲೆಗರಿಗೆ ಬರೋಣ. ಎಲ್‌ಆರ್‌ಎಂ ಲೆಕ್ಕದಲ್ಲಿ ಹಸ್ತಪ್ರತಿ ಎಂದರೆ ಒಂದೇ ಪ್ರತಿಯಿರುವ ಪ್ರಕಟರೂಪ. ಒಂದೇ ಕಟ್ಟಿನಲ್ಲಿ ಭಾರತದ ಎರಡು ಪರ್ವ, ನಡುವೆ ಒಂದು ಶತಕ, ಕೊನೆಗೆ ವೈದ್ಯದ ನಾಲ್ಕು ಗರಿ ಇರುವುದು ಮಾಮೂಲು. ಹಾಗಾಗಿ ಕಟ್ಟಿಗೊಂದು ಐಡಿ ಕೊಟ್ಟು, ಒಳಗಿನ ಒಂದೊಂದು ಪಠ್ಯಕ್ಕೂ ಪ್ರತ್ಯೇಕ ಸಾಲು ಮಾಡಿ: ಗರಿ ಸಂಖ್ಯೆ ಎಲ್ಲಿಂದ ಎಲ್ಲಿವರೆಗೆ, ಮತ್ತು ಕೋಹಾದ ಅಥಾರಿಟಿ ನಂಬರು. ಆ ನಂಬರೇ ಎರಡೂ ಕಡೆಗೆ ಸೇತುವೆ.

ಸಿಆರ್‌ಎಂ ಪ್ರಕಾರ ಕಟ್ಟು ಇ22 (ಮನುಷ್ಯ ಮಾಡಿದ ವಸ್ತು). ಲಿಪಿಕಾರ, ಕಾಲ, ಸ್ಥಳ ಇವು ಕಟ್ಟಿನ ಗುಣಗಳಲ್ಲ, ಬರೆದ ಘಟನೆಯ (ಇ12) ಗುಣಗಳು. ಎಕ್ಸೆಲ್‌ನಲ್ಲಿ ‘ಘಟನೆಗಳು’ ಎಂಬ ಬೇರೆ ಹಾಳೆ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಕಂಠಕ್ಕೂ ಇದೇ ಹಾಳೆ ಸಾಕು.

ಕಾಲದ ವಿಷಯದಲ್ಲಿ ಎಚ್ಚರ. ಪುಷ್ಪಿಕೆಯಲ್ಲಿ (ಲಿಪಿಕಾರ ಕೊನೆಗೆ ಬರೆಯುವ ಟಿಪ್ಪಣಿ) ‘ಶಕ 1712 ಸಾಧಾರಣ ಸಂವತ್ಸರ’ ಎಂದಿದ್ದರೆ 78 ಕೂಡಿಸಿ 1790 ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಆ ವರ್ಷ 1791ರ ವಸಂತದವರೆಗೂ ಇರುತ್ತದೆ. ಪಿ82ಎಗೆ (ಅತಿ ಮುಂಚಿನ ದಿನ) 1790ರ ಮಾರ್ಚ್ 1, ಪಿ82ಬಿಗೆ (ಅತಿ ತಡವಾದ ದಿನ) 1791ರ ಏಪ್ರಿಲ್ 30 ಕೊಡಿ. ಶಕ ಕಳೆದ ವರ್ಷವೋ ನಡೆಯುವ ವರ್ಷವೋ ಎಂಬ ಒಂದು ವರ್ಷದ ಗೊಂದಲವನ್ನು ಸಂವತ್ಸರದ ಹೆಸರು ಬಿಡಿಸುತ್ತದೆ. ಬರೀ ‘ಸಾಧಾರಣ’ ಎಂದಿದ್ದರೆ 1730, 1790, 1850 ಮೂರೂ ಆಗಬಹುದು, ಲಿಪಿ ನೋಡಿ ತೀರ್ಮಾನಿಸಬೇಕು. ಲಿಪಿಕಾರ ಮಾತೃಕೆಯ (ತಾನು ನೋಡಿ ಬರೆದ ಮೂಲಪ್ರತಿ) ಪುಷ್ಪಿಕೆಯನ್ನೇ ತೇದಿ ಸಮೇತ ನಕಲು ಮಾಡಿರುವುದೂ ಉಂಟು. ಅದಕ್ಕೇ ಪುಷ್ಪಿಕೆಯ ಮಾತನ್ನು ಇದ್ದಂತೆಯೇ ಬೇರೆ ಕಾಲಂನಲ್ಲಿ ಇಡಿ.

ಕಪಾಟು:
ತುಂಬಾ ಉಪಕಾರವಾಯಿತು. ಹೊಸಗನ್ನಡ ಗದ್ಯಾನುವಾದ, ಗಮಕದ ಸಿ.ಡಿ. ಇವು ಅದೇ ಕೃತಿಯೋ, ಬೇರೆಯೋ? ಈ ಹಾಳೆಗಳನ್ನೆಲ್ಲ ಕೊನೆಗೆ ಎಲ್ಲಿ ಹಾಕುವುದು?

ಸೂಚೀಕಾರ:
ಎರಡೂ ಅದೇ ಕೃತಿಯ ಅಭಿವ್ಯಕ್ತಿಗಳು. ಸಿ.ಡಿ.ಗೆ 336ರಲ್ಲಿ (ಒಳಗಿನ ವಿಷಯ ಯಾವ ಬಗೆ ಎಂಬ ಫೀಲ್ಡ್) ಮಾತಿನ ಅಥವಾ ಸಂಗೀತದ ಸಂಕೇತ, ಯಾವುದಾದರೂ ಒಂದನ್ನು ನಿರ್ಧರಿಸಿ ಎಲ್ಲದಕ್ಕೂ ಅದನ್ನೇ ಹಾಕಿ. ಮಕ್ಕಳಿಗೆಂದು ಕಥೆಯನ್ನಷ್ಟೇ ಹೊಸದಾಗಿ ಹೇಳಿದ್ದರೆ ಅದು ಬೇರೆ ಕೃತಿ. ಹಾಗೆ ನೋಡಿದರೆ ವ್ಯಾಸಭಾರತದ ಎದುರು ಕುಮಾರವ್ಯಾಸನದೂ ಬೇರೆ ಕೃತಿಯೇ. ಸಂಪಾದಕರು ಬದಲಾದಾಗಲೆಲ್ಲ ಹೊಸ ಅಭಿವ್ಯಕ್ತಿ ಮಾಡಲು ಹೋಗಬೇಡಿ, ಮುಗಿಯುವುದಿಲ್ಲ.

ಗರಿಕಟ್ಟು:
ಹಾಳೆಗಳಿಗೆ ಒಮೇಕಾ ಎಸ್ (ಸಂಗ್ರಹಗಳನ್ನು ಜಾಲದಲ್ಲಿ ಪ್ರಕಟಿಸುವ ತಂತ್ರಾಂಶ) ಸಾಕು, ಉಚಿತ, ಸಿಆರ್‌ಎಂ ಶಬ್ದಕೋಶವನ್ನು ಅದಕ್ಕೆ ಸೇರಿಸಿಕೊಳ್ಳಬಹುದು. ಮೊದಲು ವ್ಯಕ್ತಿ ಮತ್ತು ಸ್ಥಳ, ಆಮೇಲೆ ಕಟ್ಟು ಮತ್ತು ವಸ್ತು, ಕೊನೆಗೆ ಘಟನೆ ಏರಿಸಿ. ಕ್ರಮ ತಪ್ಪಿದರೆ ಕೊಂಡಿ ಹಾಕಲು ಐಡಿಯೇ ಇರುವುದಿಲ್ಲ. ಪ್ರದರ್ಶನಕ್ಕೆ ಎರವಲು ಕೊಟ್ಟದ್ದನ್ನು ಇ8 ಎಂದು ಬರೆಯಬೇಡಿ, ಅದು ಮಾಲೀಕತ್ವವೇ ಕೈಬದಲಾದಾಗ ಮಾತ್ರ. ಎರವಲಿಗೆ ಇ10 (ವಶ ಕೈಬದಲಾಗುವುದು).