ಕಾಯಿಹಾಲಿನ ಶೆಟ್ಲಿ ಸಾರು: ‘ಕ್ರೀಮಿ’ಗೆ ನಮ್ಮ ಮಾತು ಯಾವುದು?

ಬೆಂಗಳೂರಲ್ಲಿರುವ ತಂಗಿಯ ಮಗಳಿಗೆ ಕಾರವಾರದ ಕಡೆಯ ಕಾಯಿಹಾಲಿನ ಶೆಟ್ಲಿ ಸಾರು ಮಾಡುವ ಬಗೆ ಬರೆದು ಕಳಿಸಬೇಕಾಗಿದೆ. ಶೆಟ್ಲಿ ಅಂದರೆ ಸಿಗಡಿ, ಕೊಂಕಣಿಯ ಸುಂಗಟ. ‘ದೊಡ್ಡಮ್ಮ, ಕ್ರೀಮಿಯಾಗಿ ಬರೋಕೆ ಏನು ಮಾಡ್ಬೇಕು?’ ಅಂತ ಕೇಳಿದ್ದಾಳೆ. ಈ ‘ಕ್ರೀಮಿ’ಗೆ ಕನ್ನಡದಲ್ಲಿ ಏನು ಬರೆಯಲಿ?

‘ಕೆನೆಭರಿತ’ ಅಂತ ಕೆಲವರು ಬರೆಯುತ್ತಾರೆ. ನನಗೆ ಒಗ್ಗುವುದಿಲ್ಲ. ಕೆನೆ ಅಂದರೆ ಕಾಸಿದ ಹಾಲಿನ ಮೇಲೆ ಕಟ್ಟುವ ಪದರ. ಮೀನಿನ ಸಾರಿನ ಮೇಲೆ ಪದರ ಕಟ್ಟಿದರೆ ಯಾರಾದರೂ ಉಣ್ಣುತ್ತಾರಾ? ‘ಗಟ್ಟಿ’ ಅಂದರೆ ಗೊಜ್ಜಿನ ನೆನಪಾಗುತ್ತದೆ. ‘ದಪ್ಪ’ ಅನ್ನಬಹುದು, ಆದರೆ ದಪ್ಪದಲ್ಲೂ ಎರಡು ಥರ ಇದೆ. ನಮ್ಮ ಕಡೆಯ ಮೀನಿನ ಸಾರು ಹುಮಣಕ್ಕೆ ಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ ಅರೆದು ಹಾಕುತ್ತೇವೆ. ಎಷ್ಟು ನುಣ್ಣಗೆ ಅರೆದರೂ ಅರೆದದ್ದು ನಾಲಿಗೆಗೆ ಗೊತ್ತಾಗುತ್ತದೆ, ಅದರ ರುಚಿಯೇ ಹಾಗೆ. ಕಾಯಿಹಾಲಿನ ಸಾರಿನಲ್ಲಿ ಮಾತ್ರ ತರಿ ಸಿಗಲೇಬಾರದು. ‘ಮಂದ’ ಅಂದರೆ ಹತ್ತಿರ ಬಂತು ಅನಿಸುತ್ತದೆ. ಆದರೆ ಮಂದವಾಗಿದ್ದೂ ತರಿತರಿ ಇರಬಹುದಲ್ಲ.

  

ಮಾಡುವ ಬಗೆ ಹೇಳುತ್ತೇನೆ, ಯಾರಿಗಾದರೂ ಪದ ಹೊಳೆಯಬಹುದು. ಬಲಿತ ಕಾಯಿ ತುರಿದು, ಸ್ವಲ್ಪವೇ ಬಿಸಿನೀರು ಹಾಕಿ ಮಿಕ್ಸಿಯಲ್ಲಿ ತಿರುಗಿಸಿ, ಬಟ್ಟೆಯಲ್ಲಿ ಹಿಂಡಿದರೆ ಒಂದನೇ ಹಾಲು. ಅದೇ ತುರಿಗೆ ಜಾಸ್ತಿ ನೀರು ಹಾಕಿ ಮತ್ತೆ ಹಿಂಡಿದರೆ ತೆಳ್ಳಗಿನ ಎರಡನೇ ಹಾಲು. ಈರುಳ್ಳಿ, ಹಸಿಮೆಣಸು, ಶುಂಠಿ, ಅರಿಶಿನ ಎಲ್ಲ ಬೇಯುವುದು ಎರಡನೇ ಹಾಲಿನಲ್ಲಿ. ಹುಳಿಗೆ ಒಣಗಿದ ಮುರುಗಲು (ಕೋಕಂ) ಸಿಪ್ಪೆಯೂ ಆಗಲೇ ಬೀಳಬೇಕು, ಎರಡು ಸಾಕು. ಜಾಸ್ತಿಯಾದರೆ ಸಾರು ಸೋಲ್‌ಕಡಿಯ (ಮುರುಗಲು, ಕಾಯಿಹಾಲಿನ ಪಾನಕದ) ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತೆಪ್ಪಲ್ ಅನ್ನುವ ಘಾಟಿನ ಮಸಾಲೆಕಾಯಿ ಬೇಡ, ಅದು ಬಂಗಡೆಗೆ. ಬೆನ್ನಿನ ಕಪ್ಪು ದಾರ ತೆಗೆದ ಶೆಟ್ಲಿ ಹಾಕಿದ ಮೇಲೆ ಮೂರು ನಾಲ್ಕು ನಿಮಿಷ, ಅಷ್ಟೇ. ಸುರುಳಿ ಸುತ್ತಿ ಕೆಂಪಾದರೆ ಬೆಂದ ಹಾಗೆ. ಇನ್ನೂ ಬಿಟ್ಟರೆ ರಬ್ಬರು.

ಒಂದನೇ ಹಾಲು ಕೊನೆಗೆ, ಉರಿ ಪೂರ್ತಿ ಸಣ್ಣ ಮಾಡಿ. ಸೌಟು ಆಡಿಸುತ್ತಲೇ ಇರಬೇಕು. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತವೆ, ನಡುವೆ ಸಾರು ಸುಮ್ನೆ ಅದುರುತ್ತದೆ. ಅಲ್ಲಿಗೆ ಇಳಿಸಿಬಿಡಬೇಕು. ಕೊತಕೊತ ಕುದಿಸಿದರೆ ಎಣ್ಣೆ ಬೇರೆಯಾಗಿ ಮೇಲೆ ತೇಲುತ್ತದೆ, ಕೆಳಗೆ ಬಿಳಿ ಚೂರು ಉಳಿಯುತ್ತದೆ. ಕಾಯಿಯ ಜಿಡ್ಡನ್ನು ನೀರಿನ ಜೊತೆ ಹಿಡಿದಿಟ್ಟಿದ್ದ ಪ್ರೋಟೀನು ಕಾವಿಗೆ ಗಂಟಾಗುವುದೇ ಇದಕ್ಕೆ ಕಾರಣ. ಹುಳಿ ಜಾಸ್ತಿಯಾದರೂ ಅದೇ ಪಾಡು.

ಇದಕ್ಕೆ ನಾವು ‘ಒಡೆಯಿತು’ ಅನ್ನುತ್ತೇವೆ, ದನದ ಹಾಲಿಗೆ ಅಂದ ಹಾಗೇ. ಕೆಟ್ಟದ್ದಕ್ಕೆ ಪದ ಇದೆ. ಒಡೆಯದೆ ಸರಿಯಾಗಿ ಬಂದದ್ದಕ್ಕೆ ‘ಚಲೋ ಆಯ್ತು’ ಬಿಟ್ಟರೆ ಏನೂ ಇಲ್ಲ, ಅಲ್ವಾ? ಸದ್ಯಕ್ಕೆ ‘ಮಂದವಾಗಿ, ನುಣ್ಣಗೆ’ ಅಂತ ಎರಡು ಮಾತು ಬರೆದಿಟ್ಟಿದ್ದೇನೆ. ಒಂದೇ ಮಾತು ಸಿಕ್ಕರೆ ಒಳ್ಳೆಯದು.

ಇದರ ಜೊತೆಗೆ ಇನ್ನೊಂದು. ಅಂಚಿನಲ್ಲಿ ಗುಳ್ಳೆ ಎದ್ದು ನಡುವೆ ಅದುರುವ ಆ ಹದಕ್ಕೆ ಹೆಸರಿದೆಯೇ? ‘ಕುದಿ’ ಅಂದರೆ ಹುಡುಗಿ ಕುದಿಸಿಯೇ ಬಿಡುತ್ತಾಳೆ. ‘ಎಸರು ಮರಳಿತು’ ಅನ್ನುವುದು ಅದಕ್ಕಿಂತ ಮುಂದಿನ ಮಾತು. ‘ಸಣ್ಣ ಉರಿ’ ಒಲೆಯ ವಿಷಯ, ಸಾರಿನದ್ದಲ್ಲ. ಕುಮಟಾ, ಅಂಕೋಲಾದವರು ಬಳಚಿನ (ಚಿಪ್ಪುಮೀನಿನ) ಸಾರು ಈ ಹದಕ್ಕೆ ಬಂದಾಗ ಏನನ್ನುತ್ತೀರಿ? ಶಿರಸಿ ಕಡೆಯವರು ಮೀನು ಮುಟ್ಟದಿದ್ದರೂ ಚಿಂತೆಯಿಲ್ಲ. ಪಾಯಸಕ್ಕೂ ಒಂದನೇ ಕಾಯಿಹಾಲನ್ನು ಕೊನೆಗೇ ಹಾಕಿ ಕುದಿಯದಂತೆ ಇಳಿಸುತ್ತೀರಲ್ಲ, ಆಗ ಒಲೆಯ ಹತ್ತಿರ ನಿಂತವರಿಗೆ ಏನಂತ ಹೇಳುತ್ತೀರಿ?