ಚೌಕಟ್ಟು, ಹಂದರ, ಕಂಬ-ತೊಲೆ: ಶಾಲೆ ಕಟ್ಟಡಕ್ಕೆ ಯಾವ ಪದ?

ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಗೆ ಕಾಂಕ್ರೀಟ್ ಫ್ರೇಮ್ ಮಾದರಿಯ ಕಟ್ಟಡ ಬರಲಿದೆ. ಅದರ ವಿವರವನ್ನು ಪೋಷಕರಿಗೆ ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲ ಸಾಲಿನಲ್ಲೇ ನಿಂತುಬಿಟ್ಟಿದ್ದೇನೆ. ಈ 'ಫ್ರೇಮ್'ಗೆ ಏನು ಬರೆಯಲಿ?

'ಚೌಕಟ್ಟು' ಅಂತ ಬರೆದು ಸಭೆಯಲ್ಲಿ ಓದಿದೆ. ಬಡಗಿ ಕೆಲಸದ ಒಬ್ಬರು, "ದಾರಂದ ಹೊಸದು ಹಾಕ್ತೀರಾ? ಯಾವ ಮರ?" ಅಂದರು. ಅವರು ಕೇಳಿದ್ದು ಸರಿಯೇ. ಚೌಕಟ್ಟು ಅಂದರೆ ನಮಗೆ ಬಾಗಿಲು, ಕಿಟಕಿ, ಫೋಟೋ. ಇಲ್ಲಿ ವಿಷಯ ಬೇರೆ. ಮಾಡಿನ, ಅಂದರೆ ಚಾವಣಿಯ, ಭಾರ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಬುನಾದಿಗೆ ಇಳಿಯುತ್ತದೆ. ಗೋಡೆ ಮಾಡನ್ನು ಹೊರುವುದೇ ಇಲ್ಲ. ನಾಳೆ ಎರಡು ತರಗತಿ ಸೇರಿಸಿ ಒಂದು ಮಾಡಬೇಕಾದರೆ ನಡುವಿನ ಗೋಡೆ ತೆಗೆಯಬಹುದು.

'ಹಂದರ' ಅಂದರೆ ಮಲ್ಲಿಗೆ ಬಳ್ಳಿ, ಮದುವೆ ಚಪ್ಪರ. ನಮ್ಮ ಮಳೆಗಾಲಕ್ಕೆ ನಿಲ್ಲುವ ಪದ ಅಲ್ಲ.

ನನಗೆ ಹಿಡಿಸಿರುವುದು 'ಕಂಬ-ತೊಲೆ ಕಟ್ಟಡ'. ಕಾರಣ ನಮ್ಮ ಹಳೆ ಕೊಟ್ಟಿಗೆ. ಒಂದು ಆಷಾಢದಲ್ಲಿ ಅದರ ಮಣ್ಣುಗೋಡೆ ನೆನೆದು ರಾತ್ರಿ ಕುಸಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ಒಂದು ಹಂಚೂ ಜಾರಿರಲಿಲ್ಲ. ಹಲಸಿನ ಕಂಬ, ಮೇಲಿನ ತೊಲೆ ಹಾಗೇ ನಿಂತಿದ್ದವು. ಹಸು ಅಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು. ಫ್ರೇಮ್ ಅಂದರೆ ಇದೇ ಅಲ್ವಾ?

ಆದರೂ ಎರಡು ಅನುಮಾನ. ತೊಲೆ ಅಂದರೆ ಮರದ್ದು ಮಾತ್ರವೇ? ದೇವಸ್ಥಾನದ ಕಲ್ಲಿನ ಅಡ್ಡಕ್ಕೂ ತೊಲೆ ಅಂತಾರೆ, ಹಾಗಾಗಿ ಕಾಂಕ್ರೀಟಿಗೂ ಒಪ್ಪಬಹುದು. ಮೇಸ್ತ್ರಿಗಳ ಬಾಯಲ್ಲಿ ಮಾತ್ರ 'ಬೀಮ್' ಬಿಟ್ಟು ಬೇರೆ ಇಲ್ಲ. ಎರಡನೆಯದು ಜಾಸ್ತಿ ಕಾಡುತ್ತಿದೆ. ಮರದಲ್ಲಿ ತೊಲೆ ಕಂಬದ ಮೇಲೆ ಕೂತಿರುತ್ತದೆ. ಕಾಂಕ್ರೀಟಿನಲ್ಲಿ ತೊಲೆಯ ಸರಳುಗಳು ಬಾಗಿ ಕಂಬದೊಳಗೆ ಇಳಿಯುತ್ತವೆ, ಎರಡೂ ಒಂದೇ ಮೈ ಆಗುತ್ತವೆ. 'ಕಂಬ-ತೊಲೆ' ಎಂಬ ಜೋಡಿಪದ ಅದನ್ನು ಹೇಳುತ್ತದೆಯೇ? ಜಗಲಿ ಕಂಬಕ್ಕೆ ನಮ್ಮಲ್ಲಿ 'ಮುಂಡಿಗೆ' ಅಂತಲೂ ಹೇಳುತ್ತಾರೆ. ಚಂದದ ಪದ. ಆದರೆ ಓದಿದವರಿಗೆ ಕನಕದಾಸರ ಮುಂಡಿಗೆ, ಅಂದರೆ ಒಗಟಿನಂಥ ಹಾಡು, ನೆನಪಾಗುತ್ತದೆ.

ಕಂಬಗಳ ನಡುವೆ ಕಟ್ಟುವ ಗೋಡೆಗೆ 'ತುಂಬುಗೋಡೆ' ಅಂತ ಇಟ್ಟಿದ್ದೇನೆ.

ಇನ್ನು 'ಸಸ್ಟೇನಬಲ್' ಅನ್ನುವುದಕ್ಕೆ ಬರೆದ 'ಸುಸ್ಥಿರ'. ಪೋಷಕರು ಇದನ್ನು ಗಟ್ಟಿಮುಟ್ಟು ಅಂತಲೇ ಓದಿಕೊಂಡರು. 'ತಾಳಿಕೆ ಬಾಳಿಕೆ' ಬರೆದರೂ ಕಟ್ಟಡದ ಆಯಸ್ಸಷ್ಟೇ ಬರುತ್ತದೆ. ಸಿಮೆಂಟಿಗಾಗಿ ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಉರುವಲಿನ ಹೊಗೆಯ ಜೊತೆಗೆ ಆ ಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಅದಕ್ಕೇ ಕಾಂಕ್ರೀಟನ್ನು ಬೇಕಾದ ಕಡೆಯಷ್ಟೇ ಹಾಕಿ, ತುಂಬುಗೋಡೆಗೆ ಹತ್ತಿರದ ಜಂಬಿಟ್ಟಿಗೆ ಕಲ್ಲು ಬಳಸಿ, ಕಟ್ಟಿದ್ದನ್ನು ಒಡೆಯದೆ ಮೊಮ್ಮಕ್ಕಳ ಕಾಲಕ್ಕೂ ಉಳಿಸಿಕೊಳ್ಳುವ ಯೋಚನೆ. ಈ ಹಿತಮಿತದ ಅರ್ಥ ಬರುವ ಪದ ನಿಮ್ಮ ಊರಿನ ಮಾತಿನಲ್ಲಿ ಇದೆಯೇ? ಸಾಗರ, ಹೊಸನಗರ, ಕೊಪ್ಪದ ಕಡೆಯವರು, ಅದರಲ್ಲೂ ಮನೆಯಲ್ಲಿ ಗಾರೆ ಕೆಲಸ, ಮರಗೆಲಸ ಮಾಡುವವರಿದ್ದರೆ, ಅವರನ್ನು ಕೇಳಿ ಬರೆಯಿರಿ.